ಕ್ರೀಡಾಂಗಣಕ್ಕೆ ನೀರು ಮೊದಲಾ, ಸೋಲಾರ್ ಮೊದಲಾ? ಕರಾವಳಿಯ ಮೈದಾನ ಸಮಿತಿಗಳಿಗೆ ಒಂದು ಹೋಲಿಕೆ

ಮೈದಾನವನ್ನು ಪರಿಸರಸ್ನೇಹಿ ಮಾಡೋಣ ಎಂದು ಸಮಿತಿ ಸಭೆಯಲ್ಲಿ ಮಾತು ಬಂದರೆ ಸಾಕು, ಮೊದಲು ಕೇಳಿಬರುವುದು ಸೋಲಾರ್. ಎರಡನೆಯದು ಟರ್ಫ್, ಅಂದರೆ ಪ್ಲಾಸ್ಟಿಕ್ ಹುಲ್ಲಿನ ಹಾಸು. ಎರಡೂ ಕಣ್ಣಿಗೆ ಕಾಣುತ್ತವೆ. ಎರಡಕ್ಕೂ ಉದ್ಘಾಟನೆ ಇಟ್ಟುಕೊಳ್ಳಬಹುದು, ಕಲ್ಲಿನಲ್ಲಿ ದಾನಿಗಳ ಹೆಸರು ಕೆತ್ತಿಸಬಹುದು. ಇಂಗುಗುಂಡಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಆದರೆ ಮಂಗಳೂರು, ಉಡುಪಿಯ ಲೆಕ್ಕ ಬೇರೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟಿದ್ದರೂ 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರಿಗೆ ಪಾಳಿ ಪ್ರಕಾರ ನೀರು ಬಿಡಬೇಕಾಯಿತು. ಉಡುಪಿಯಲ್ಲಿ ಬಜೆ ಅಣೆಕಟ್ಟಿನ ಕಥೆಯೂ ಅದೇ. 2023ರಲ್ಲಿ ಮಂಗಳೂರಿಗೆ ಮತ್ತೆ ಅದೇ ಪಾಡು. ನಮ್ಮ ಪಂದ್ಯಾಟಗಳ ಸೀಸನ್ ಯಾವಾಗ? ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ಕೊನೆಯ ಪತ್ತನಾಜೆವರೆಗೆ. ಅಂದರೆ ಬಾವಿ ಇಳಿಯುವ ತಿಂಗಳುಗಳಲ್ಲೇ ಮೈದಾನಕ್ಕೆ ಜಾಸ್ತಿ ನೀರು ಬೇಕು. ಅದಕ್ಕೇ ನನ್ನ ಕ್ರಮ ಹೀಗೆ: ಮೊದಲು ನೆಲ ಮತ್ತು ನೀರು, ಆಮೇಲೆ ದೀಪ, ಸೋಲಾರ್ ಅದರ ನಂತರ. ಯುವಕ ಮಂಡಲದ ಮೈದಾನವಾಗಲಿ, ಶಾಲೆಯದ್ದಾಗಲಿ, ಒಳಾಂಗಣ ಕ್ರೀಡಾಂಗಣವಾಗಲಿ, ಈ ಕ್ರಮ ಹೆಚ್ಚು ಬದಲಾಗುವುದಿಲ್ಲ.

ಹುಲ್ಲಾ, ಟರ್ಫಾ, ಕೆಂಪು ಮಣ್ಣಾ?

"ಟರ್ಫ್ ಹಾಕುವ ಮಾರಾಯ್ರೆ, ಮತ್ತೆ ನೀರಿನ ತಲೆಬಿಸಿಯೇ ಇಲ್ಲ." ಈ ಮಾತು ಅರ್ಧ ಸರಿ. ಟರ್ಫ್ ಬೆಳೆಯುವುದಿಲ್ಲ, ಹಾಗಾಗಿ ಅದಕ್ಕೆ ಕುಡಿಯಲು ನೀರು ಬೇಡ. ಆದರೆ ಅದು ಪಾಲಿಥೀನ್ ಎಳೆಗಳ ಹಾಸು. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ನಿಂತು ನೋಡಿ, ಎರಡನೇ ಹೆಜ್ಜೆಗೆ ಚಪ್ಪಲಿ ಹುಡುಕುತ್ತೀರಿ. ನೆತ್ತಿ ಮೇಲೆ ಬಿಸಿಲಿದ್ದಾಗ ಇದರ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಪಕ್ಕದಲ್ಲೇ ಇರುವ ನಿಜವಾದ ಹುಲ್ಲು ಅಷ್ಟು ಕಾಯುವುದಿಲ್ಲ, ಅದರ ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದಲ್ಲ. ಹೀಗಾಗಿ ನಮ್ಮ ಊರಿನ ಬಾಕ್ಸ್ ಕ್ರಿಕೆಟ್ ಟರ್ಫ್‌ಗಳು ಹಗಲು ಖಾಲಿ ಹೊಡೆಯುತ್ತವೆ, ಸಂಜೆಯಿಂದ ನಡುರಾತ್ರಿವರೆಗೆ ತುಂಬಿರುತ್ತವೆ. ನೀರಿನ ಬಿಲ್ಲು ಉಳಿಯಿತು, ಕರೆಂಟಿನ ಬಿಲ್ಲು ಏರಿತು.

ಎಳೆಗಳ ನಡುವೆ ಏನು ತುಂಬಿದ್ದಾರೆ ಎನ್ನುವುದೂ ಮುಖ್ಯ. ಫುಟ್‌ಬಾಲ್ ಟರ್ಫ್‌ಗಳಲ್ಲಿ ಹಳೆ ಟಯರ್ ಪುಡಿ ಮಾಡಿದ ಕಪ್ಪು ರಬ್ಬರ್ ಹರಳು ಹಾಕುವ ಪದ್ಧತಿ ಇದೆ. ಆಟಗಾರರ ಶೂ, ಕಾಲುಚೀಲದಲ್ಲಿ ಅದು ಮನೆವರೆಗೂ ಹೋಗುತ್ತದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಬೇಕೆಂದೇ ಸೇರಿಸುವ ಸೂಕ್ಷ್ಮ ಪ್ಲಾಸ್ಟಿಕ್ಕಿಗೆ ಕಡಿವಾಣ ಹಾಕಿದಾಗ ಈ ಹರಳೂ ಅದರೊಳಗೆ ಬಂತು. ಅಲ್ಲಿ 2031ರ ನಂತರ ಇದನ್ನು ಮಾರುವಂತಿಲ್ಲ. ನಮ್ಮಲ್ಲಿ ಅಂಥ ನಿಯಮವಿಲ್ಲ, ಆದರೆ ಮಳೆ ಉಂಟು. ಆಷಾಢದ ಒಂದು ಜಡಿಮಳೆಗೆ ಟರ್ಫ್‌ನ ಅಂಚಿನ ಹರಳು ಚರಂಡಿಗೆ, ಅಲ್ಲಿಂದ ಫಲ್ಗುಣಿಗೋ ನೇತ್ರಾವತಿಗೋ ಸೇರುತ್ತದೆ. ಟರ್ಫ್ ಹಾಕಲೇಬೇಕು ಎಂದಿದ್ದರೆ ಮರಳು ಮಾತ್ರ ತುಂಬಿದ್ದು ಕೇಳಿ. ಸುತ್ತ ಒಂದು ಗೇಣಿನ ಕಟ್ಟೆ, ಚರಂಡಿ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಎಂಟು ಹತ್ತು ವರ್ಷಕ್ಕೆ ಹಾಸು ಸವೆಯುತ್ತದೆ, ಆಗ ಅದನ್ನು ಯಾರು ತೆಗೆದುಕೊಂಡು ಹೋಗುತ್ತಾರೆ ಎಂದು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಅದು ಸೇರುವುದು ಕಸದ ರಾಶಿಗೇ. ಪಚ್ಚನಾಡಿಯ ರಾಶಿ 2019ರ ಆಗಸ್ಟ್ ಮಳೆಗೆ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಹೋದದ್ದು ಇನ್ನೂ ಮರೆತಿಲ್ಲ ಅಲ್ವಾ?

ಹುಲ್ಲಿನ ಲೆಕ್ಕ ಸರಳ. ಬೇಸಿಗೆಯಲ್ಲಿ ಹಸಿರಾಗಿಡಲು ದಿನಕ್ಕೆ ಸುಮಾರು 4 ಮಿಲಿಮೀಟರ್ ನೀರು ಬೇಕು, ಅಂದರೆ ಒಂದು ಚದರ ಮೀಟರಿಗೆ 4 ಲೀಟರ್. 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಅಂಗಳ 7,140 ಚದರ ಮೀಟರ್. ದಿನಕ್ಕೆ 28,000 ಲೀಟರ್ ದಾಟುತ್ತದೆ. 12,000 ಲೀಟರಿನ ಟ್ಯಾಂಕರ್ ಆದರೆ ದಿನಾ ಎರಡು ಬಂದರೂ ಸಾಲದು. ಊರಿನ ಜನ ಕೊಡ ಹಿಡಿದು ನಿಂತಿರುವಾಗ ಮೈದಾನಕ್ಕೆ ಟ್ಯಾಂಕರ್ ತರಿಸಿದರೆ ಬೈಸಿಕೊಳ್ಳುವುದು ಗ್ಯಾರಂಟಿ, ಬೈದರೂ ತಪ್ಪಿಲ್ಲ.

ಆದರೆ ಇಡೀ ಅಂಗಳ ಹಸಿರಾಗಿಯೇ ಇರಬೇಕು ಎಂದು ಯಾರು ಹೇಳಿದ್ದು? ಗರಿಕೆ ಜಾತಿಯ ಹುಲ್ಲು ನೀರಿಲ್ಲದಿದ್ದರೆ ಕಂದು ಬಣ್ಣಕ್ಕೆ ತಿರುಗಿ ಸುಮ್ನೆ ಮಲಗುತ್ತದೆ, ಬೇರು ಸಾಯುವುದಿಲ್ಲ. ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಕ್ರಿಕೆಟ್ ಮೈದಾನದಲ್ಲಿ ನಡುವಿನ ಪಿಚ್ ಮತ್ತು ಅದರ ಸುತ್ತ ಮಾತ್ರ ನೀರು ಕೊಟ್ಟು, ಉಳಿದದ್ದನ್ನು ಒಣಗಲು ಬಿಟ್ಟರೆ ನೀರಿನ ಖರ್ಚು ನಾಲ್ಕರಲ್ಲಿ ಒಂದು ಪಾಲಿಗೂ ಕೆಳಗೆ ಇಳಿಸಬಹುದು. ಫೋಟೋದಲ್ಲಿ ಚಂದ ಕಾಣುವುದಿಲ್ಲ, ಅಷ್ಟೇ. ಫುಟ್‌ಬಾಲಿಗೆ ಈ ದಾರಿ ಕಷ್ಟ. ಒಣಗಿದ ಹುಲ್ಲಿನ ಮೇಲೆ ದಿನಾ ಓಡಿದರೆ ಗೋಲ್‌ಪೋಸ್ಟ್ ಎದುರು ಮಣ್ಣು ಎದ್ದುಬಿಡುತ್ತದೆ.

ಇನ್ನು ಕೆಂಪು ಮಣ್ಣು. ಮಂಗಳೂರಿನ ನೆಹರೂ ಮೈದಾನದಿಂದ ಹಿಡಿದು ಹಳ್ಳಿಯ ಶಾಲೆವರೆಗೆ ನಮ್ಮವರು ಆಡಿ ಬೆಳೆದ ನೆಲ ಇದೇ. ಮಾರ್ಚ್‌ನಲ್ಲಿ ಧೂಳು, ಜುಲೈಯಲ್ಲಿ ಜಾರು. ಆದರೂ ಸಣ್ಣ ಬಜೆಟ್ಟಿನ ಮೈದಾನಕ್ಕೆ ನಾನು ಹೇಳುವುದು ಇದನ್ನೇ. ಪಂದ್ಯದ ಮುಂಚಿನ ಸಂಜೆ ನೀರು ಚಿಮುಕಿಸಿ, ರೋಲರ್ ಎಳೆದರೆ ಸಾಕು. ಸೀಸನ್ ಇಡೀ ಸೇರಿಸಿದರೂ ಹುಲ್ಲಿನ ಒಂದು ವಾರದ ನೀರು ಇದಕ್ಕೆ ಬೇಡ. ಕೆಂಪು ಮಣ್ಣಿನ ಮೈದಾನವನ್ನು ಕಿತ್ತು ಪ್ಲಾಸ್ಟಿಕ್ ಹಾಸಿ, ಅದಕ್ಕೆ ಹಸಿರು ಯೋಜನೆ ಎಂದು ಹೆಸರಿಡುವುದನ್ನು ಕಂಡರೆ ನನಗೆ ನಗು ಬರುತ್ತದೆ.

ನೀರು: ಟ್ಯಾಂಕಿಯಾ, ಬಾವಿಯಾ, ಸಂಸ್ಕರಿಸಿದ ನೀರಾ?

1,500 ಚದರ ಮೀಟರ್ ಶೀಟಿನ ಮಾಡು ಇರುವ ಒಂದು ಒಳಾಂಗಣ ಕ್ರೀಡಾಂಗಣ ಎಂದಿಟ್ಟುಕೊಳ್ಳಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 3,500 ಮಿಲಿಮೀಟರಿಗೆ ಐವತ್ತೆರಡೂವರೆ ಲಕ್ಷ ಲೀಟರ್. ಸೋರಿಕೆ, ಚೆಲ್ಲಿದ್ದು ಕಳೆದು ನೂರಕ್ಕೆ ಎಂಬತ್ತು ಸಿಕ್ಕರೂ 42 ಲಕ್ಷ. ಮೇಲೆ ಹೇಳಿದ ಫುಟ್‌ಬಾಲ್ ಅಂಗಳಕ್ಕೆ ಐದು ತಿಂಗಳ ಬೇಸಿಗೆಗೆ ಬೇಕಾದದ್ದೂ ಹೆಚ್ಚುಕಮ್ಮಿ ಅಷ್ಟೇ!

ಹಾಗಾದರೆ ಹಿಡಿದಿಡೋಣ ಅನ್ನಿಸುತ್ತದೆ. ಇಲ್ಲೇ ಹೆಚ್ಚಿನ ಸಮಿತಿಗಳು ಎಡವುವುದು. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಈಜುಕೊಳದಲ್ಲಿ ಹಿಡಿಯುವುದೇ 25 ಲಕ್ಷ ಲೀಟರ್. ಅಂಥ ಒಂದೂ ಮುಕ್ಕಾಲು ಕೊಳದಷ್ಟು ಟ್ಯಾಂಕಿ ಕಟ್ಟಲು ಜಾಗವೂ ಇಲ್ಲ, ದುಡ್ಡೂ ಇಲ್ಲ. ಇಪ್ಪತ್ತು ಮೂವತ್ತು ಸಾವಿರ ಲೀಟರಿನ ಟ್ಯಾಂಕಿ ಕಟ್ಟಿದರೆ ಜೂನ್ ತಿಂಗಳ ಮೊದಲ ಜೋರು ಮಳೆಗೇ ತುಂಬುತ್ತದೆ, ಮತ್ತೆ ನಾಲ್ಕು ತಿಂಗಳು ತುಂಬಿ ಹರಿಯುತ್ತದೆ. ಜನವರಿಯಲ್ಲಿ ಹುಲ್ಲಿಗೆ ತೆರೆದರೆ ಒಂದೇ ದಿನದಲ್ಲಿ ಖಾಲಿ. ಸಣ್ಣ ಟ್ಯಾಂಕಿ ಕೆಲಸಕ್ಕೆ ಬರುವುದು ಮಳೆಗಾಲದಲ್ಲಿ ಶೌಚಾಲಯಕ್ಕೆ, ಕೈಕಾಲು ತೊಳೆಯಲು. ಬೇಸಿಗೆ ಕಳೆಯಲು ಅದನ್ನು ನಂಬಬೇಡಿ.

ಉಳಿದದ್ದು ನೆಲದೊಳಗೆ ಇಂಗಿಸುವುದು. ಇಲ್ಲಿ ನಿಮ್ಮ ಮೈದಾನ ಗುಡ್ಡೆ ಮೇಲಿದೆಯೋ ತಗ್ಗಿನ ಬೈಲಿನಲ್ಲಿದೆಯೋ ನೋಡಬೇಕು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟುಕೊಡುತ್ತದೆ. ಗುಡ್ಡೆ ಮೇಲೆ ಇಂಗಿಸಿದರೆ ಲಾಭ ಜಾಸ್ತಿ ಸಿಗುವುದು ಕೆಳಗಿನ ಮನೆಗಳ ಬಾವಿಗೆ. ಬೇಸರ ಮಾಡಬೇಡಿ, ಹಿಂದಿನವರು ಗುಡ್ಡೆ ಮೇಲೆ ಮದಕ (ಮಳೆನೀರಿನ ಕೆರೆ) ಕಟ್ಟಿದ್ದೂ ಅದಕ್ಕೇ. ಬೈಲಿನ ಮೈದಾನದಲ್ಲಿ ಜುಲೈ ಹೊತ್ತಿಗೆ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದೆ. ಅಲ್ಲಿ ಇಂಗುಗುಂಡಿ ತೋಡಿದರೆ ಅದು ಕಪ್ಪೆಗಳಿಗೆ ಮಾತ್ರ ಉಪಕಾರ. ಬೈಲಿನಲ್ಲಿ ಉಪಯೋಗಕ್ಕೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನ ಕೊನೆಯ ಮಳೆ. ಆಗ ತೋಡಿಗೆ (ಸಣ್ಣ ಹಳ್ಳಕ್ಕೆ) ಹಲಗೆ ಹಾಕಿ ನೀರು ನಿಲ್ಲಿಸಿದರೆ ಸುತ್ತಲಿನ ಬಾವಿಗಳು ಕೆಲವು ವಾರ ತಡವಾಗಿ ಇಳಿಯುತ್ತವೆ.

ಮಾಡಿನ ನೀರನ್ನು ನೇರ ಬಾವಿಗೆ ಬಿಡುವುದಿದ್ದರೆ ಸೋಸುವ ತೊಟ್ಟಿ ಬೇಕೇ ಬೇಕು. ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮೇಲೆ ಹೊಯ್ಗೆ (ಮರಳು). ಮೊದಲ ಒಂದೆರಡು ಮಳೆ ಹೊರಗೆ ಹೋಗಲಿ. ಮಾಡಿನ ಮೇಲಿನ ಹಕ್ಕಿ ಹಿಕ್ಕೆ, ಎಲೆ, ಧೂಳು ಎಲ್ಲ ಅದರಲ್ಲಿರುತ್ತದೆ. ಮೈದಾನದ ಮೇಲೆ ಹರಿದ ನೀರನ್ನು ಮಾತ್ರ ಬಾವಿಗೆ ಬಿಡಬೇಡಿ, ಗೊಬ್ಬರವೂ ಕೆಸರೂ ಅದರ ಜೊತೆ ಬರುತ್ತದೆ. ಅದಕ್ಕೆ ಬೇರೆ ಇಂಗುಗುಂಡಿ ಸಾಕು. ಶೌಚಾಲಯದ ಗುಂಡಿ ಬಾವಿಯಿಂದ ಆದಷ್ಟು ದೂರ ಇರಲಿ. ಮುರಕಲ್ಲಿನ ಬಿರುಕಿನಲ್ಲಿ ಕೊಳೆ ನೀರೂ ಅಷ್ಟೇ ಸಲೀಸಾಗಿ ಹರಿಯುತ್ತದೆ.

ಮೂರನೇ ದಾರಿ ಸಂಸ್ಕರಿಸಿದ ಕೊಳಚೆ ನೀರು. ಮೂಗು ಮುರಿಯಬೇಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಚಿನ್ನಸ್ವಾಮಿ ಕ್ರೀಡಾಂಗಣದ ಐಪಿಎಲ್ ಪಂದ್ಯಗಳಿಗೆ ಸಂಸ್ಕರಿಸಿದ ನೀರೇ ಆಸರೆಯಾಯಿತು. ಮಂಗಳೂರಿನಲ್ಲಿ ಕಾವೂರು, ಬಜಾಲ್‌ಗಳಲ್ಲಿ ಸಂಸ್ಕರಣಾ ಘಟಕಗಳಿವೆ. ದೊಡ್ಡ ಹಾಸ್ಟೆಲ್ ಇರುವ ಕಾಲೇಜುಗಳಲ್ಲಿ ಸ್ವಂತದ್ದೇ ಇರುತ್ತದೆ. ಮಕ್ಕಳ ಸ್ನಾನದ ನೀರು ಸಂಸ್ಕರಣೆಯಾಗಿ ಪಕ್ಕದ ಮೈದಾನಕ್ಕೆ ಹೋಗುವುದಾದರೆ ಹುಲ್ಲು ಬೆಳೆಸಲು ಅದಕ್ಕಿಂತ ಒಳ್ಳೆ ನೆಪ ಬೇಕಾ? ಹಾಸ್ಟೆಲ್ ಇಲ್ಲದ, ಘಟಕದಿಂದ ದೂರ ಇರುವ ಮೈದಾನಕ್ಕೆ ಟ್ಯಾಂಕರ್‌ನಲ್ಲಿ ಸಾಗಿಸುವುದಾದರೆ ಡೀಸೆಲ್ ಲೆಕ್ಕವನ್ನೂ ಹಾಕಿ ನೋಡಿ.

ಯಾವ ನೀರಾದರೂ ಬೆಳಗಿನ ಜಾವ ಬಿಡಿ. ಹನ್ನೊಂದು ಗಂಟೆಯ ಬಿಸಿಲಿಗೆ ಪೈಪ್ ಹಿಡಿದು ನಿಲ್ಲುವುದು ಆವಿಗೆ ದಾನ ಮಾಡಿದ ಹಾಗೆ.

ಹೊನಲು ಬೆಳಕು

ಅಂಡರ್ ಆರ್ಮ್ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಏನೇ ಇರಲಿ, ನಮ್ಮಲ್ಲಿ ಪೋಸ್ಟರಿನಲ್ಲಿ "ಹೊನಲು ಬೆಳಕಿನ" ಎನ್ನುವ ಶಬ್ದ ಇರಲೇಬೇಕು. ಹಳೆ ಮೆಟಲ್ ಹಾಲೈಡ್ ದೀಪದ ಕಥೆ ಆಡಿದವರಿಗೆಲ್ಲ ಗೊತ್ತು. ಕೊನೆಯ ಓವರ್, ಬೇಕಾದದ್ದು ಎಂಟು ರನ್, ಕರೆಂಟ್ ಒಂದು ಸಲ ಮಿಣುಕಿತು. ದೀಪ ಪೂರ್ತಿ ಆರಿತು. ಕರೆಂಟ್ ಮರುಕ್ಷಣವೇ ಬಂದರೂ ದೀಪ ತಣಿದು ಮತ್ತೆ ಹತ್ತಲು ಹತ್ತು ಹದಿನೈದು ನಿಮಿಷ. ವೀಕ್ಷಕ ವಿವರಣೆಯವರು ಅಷ್ಟರಲ್ಲಿ ದಾನಿಗಳ ಹೆಸರೆಲ್ಲ ಎರಡು ಸುತ್ತು ಓದಿ ಮುಗಿಸುತ್ತಾರೆ. ಎಲ್‌ಇಡಿಗೆ ಈ ಕಾಯುವಿಕೆ ಇಲ್ಲ. ಪಾದರಸವೂ ಇಲ್ಲ.

ನಾಲ್ಕು ಕಂಬ, ಕಂಬಕ್ಕೆ ಆರು ದೀಪ, ಒಂದೊಂದು 2,000 ವ್ಯಾಟ್ ಎಂದರೆ 48 ಕಿಲೋವ್ಯಾಟ್. ನಾಲ್ಕು ಗಂಟೆ ಉರಿದರೆ 192 ಯೂನಿಟ್. ಅಷ್ಟೇ ಬೆಳಕಿಗೆ ಎಲ್‌ಇಡಿಯಲ್ಲಿ ಸುಮಾರು ಅರ್ಧ ಸಾಕು. ಇದರ ಜೊತೆ ಯಾರೂ ಗಮನಿಸದ ಇನ್ನೊಂದು ಉಳಿತಾಯ ಇದೆ. ಮಂಜೂರಾದ ಲೋಡಿಗೆ ತಕ್ಕಂತೆ ಮೆಸ್ಕಾಂಗೆ ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟಬೇಕು, ಮಳೆಗಾಲದಲ್ಲಿ ದೀಪ ಹಚ್ಚದಿದ್ದರೂ. ದೀಪ ಬದಲಿಸಿದ ಮೇಲೆ ಲೋಡ್ ಕಡಿಮೆ ಮಾಡಿಸಲು ಅರ್ಜಿ ಕೊಡಿ. ಕೊಡದಿದ್ದರೆ ಹಳೆ ಶುಲ್ಕವೇ ಬರುತ್ತಿರುತ್ತದೆ.

ವರ್ಷಕ್ಕೆ ಎರಡು ಮೂರು ರಾತ್ರಿ ಮಾತ್ರ ಆಟ ಇದ್ದರೆ ಕಂಬ ನೆಡುವುದೇ ಬೇಡ, ಬಾಡಿಗೆ ಸಾಕು. ಆದರೆ ಬಾಡಿಗೆ ದೀಪದ ಹಿಂದೆ ಜನರೇಟರ್ ಬರುತ್ತದೆ. ಒಂದು ಲೀಟರ್ ಡೀಸೆಲಿಗೆ ಸಿಗುವುದು ಮೂರು ಯೂನಿಟ್ ಚಿಲ್ಲರೆ, ಹೊರಬರುವುದು ಎರಡೂವರೆ ಕಿಲೋಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್. ಮೇಲಿನ 48 ಕಿಲೋವ್ಯಾಟ್ ಲೋಡಿಗೆ ಒಂದು ರಾತ್ರಿ ಅರುವತ್ತು ಲೀಟರಿನ ಆಸುಪಾಸು. ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಂಡು, ಜನರೇಟರನ್ನು ಕರೆಂಟ್ ಹೋದಾಗಿನ ಆಪತ್ತಿಗೆ ಮಾತ್ರ ಇಟ್ಟುಕೊಳ್ಳಿ. ಆಮ್‌ಸ್ಟರ್‌ಡಾಮಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 2018ರಿಂದ ಕಾರಿನ ಬ್ಯಾಟರಿಗಳನ್ನು ಜೋಡಿಸಿ ಈ ಕೆಲಸ ಮಾಡಿಸುತ್ತಿದ್ದಾರೆ, ಅವುಗಳಲ್ಲಿ ಎಷ್ಟೋ ಒಮ್ಮೆ ಬಳಸಿದವು. ನಮ್ಮ ಪಂದ್ಯಾಟದ ಬಜೆಟ್ಟಿಗೆ ಸದ್ಯಕ್ಕೆ ಅದು ದೂರದ ಮಾತು.

ಕಡಲ ಬದಿಯಲ್ಲಿ ಆಡಿಸುವವರಿಗೆ ಒಂದು ಮಾತು. ಸಸಿಹಿತ್ಲು, ತಣ್ಣೀರುಬಾವಿ ತೀರದಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಮರಿಗಳು ಬೆಳಕು ಕಂಡ ಕಡೆಗೆ ಹೋಗುತ್ತವೆ. ಜನವರಿಯಿಂದ ಬೇಸಿಗೆವರೆಗೆ ಅಲ್ಲಿ ರಾತ್ರಿ ಪಂದ್ಯ ಬೇಡ, ಹಗಲೇ ಆಡಿ.

ಸೋಲಾರ್ ಬೇಡ ಅಂತಲ್ಲ

"ನಮ್ಮ ಮಳೆಗೆ ಸೋಲಾರ್ ಎಂತಕ್ಕೆ?" ಎನ್ನುವವರಿಗೆ ಕೊಚ್ಚಿ ವಿಮಾನ ನಿಲ್ದಾಣವೇ ಉತ್ತರ. ಅಲ್ಲಿ ಮಳೆ ನಮ್ಮಷ್ಟೇ ಜೋರು, ಆದರೂ 2015ರಿಂದ ಅದು ಸೌರ ವಿದ್ಯುತ್ತಿನ ಲೆಕ್ಕದಲ್ಲೇ ನಡೆಯುತ್ತಿದೆ. ಚಿನ್ನಸ್ವಾಮಿಯ ಸ್ಟ್ಯಾಂಡ್ ಮೇಲೂ ಅದೇ ವರ್ಷ ಫಲಕಗಳು ಬಂದವು. ಒಂದು ಕಿಲೋವ್ಯಾಟಿಗೆ ಸುಮಾರು 10 ಚದರ ಮೀಟರ್ ಜಾಗ, ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಹತ್ತಿರ. ಜುಲೈಯಲ್ಲಿ ತೀರಾ ಇಳಿಯುತ್ತದೆ, ಫೆಬ್ರವರಿಯಲ್ಲಿ ಅದನ್ನು ಸರಿದೂಗಿಸುತ್ತದೆ.

ತೊಂದರೆ ಏನೆಂದರೆ ಕ್ರೀಡಾಂಗಣಕ್ಕೆ ಕರೆಂಟ್ ಬೇಕಾದದ್ದು ರಾತ್ರಿ, ಫಲಕ ಕೊಡುವುದು ಹಗಲು. ಹಗಲು ಉಳಿದ ಕರೆಂಟನ್ನು ಲೈನಿಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳುವ ನೆಟ್ ಮೀಟರ್ ಇಲ್ಲದೆ ಹಾಕಿದರೆ ಹಗಲಿನ ಕರೆಂಟ್ ದಂಡ. ಹಗಲಲ್ಲೂ ಫ್ಯಾನ್, ಪಂಪು ಓಡುವ ಒಳಾಂಗಣ ಕ್ರೀಡಾಂಗಣ, ಈಜುಕೊಳಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಬರೀ ಮೈದಾನಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ದೀಪ ಬದಲಿಸುವ ಮೊದಲೇ ಸೋಲಾರ್ ಹಾಕಿದರೆ ಬೇಕಾದದ್ದಕ್ಕಿಂತ ಎರಡು ಪಟ್ಟು ಫಲಕಕ್ಕೆ ದುಡ್ಡು ಸುರಿದಂತೆ. ಫಲಕ ದಕ್ಷಿಣಕ್ಕೆ 13 ಡಿಗ್ರಿ ಆಸುಪಾಸು ವಾಲಿರಲಿ. ಉಪ್ಪು ಗಾಳಿಗೆ ಸಾದಾ ಕಬ್ಬಿಣದ ಚೌಕಟ್ಟು ಬಾಳುವುದಿಲ್ಲ, ಅಲ್ಯೂಮಿನಿಯಂ ಅಥವಾ ಚೆನ್ನಾಗಿ ಸತುವಿನ ಲೇಪ ಕೊಟ್ಟದ್ದೇ ಆಗಬೇಕು.

ಊಟ, ನೀರು, ಫ್ಲೆಕ್ಸ್

ಪಂದ್ಯಾಟ ಮುಗಿದ ಮರುದಿನ ಬೆಳಿಗ್ಗೆ ಮೈದಾನದ ಮೂಲೆಗೆ ಹೋಗಿ ನೋಡಿ. ಅರ್ಧ ಕುಡಿದ ನೀರಿನ ಬಾಟ್ಲಿಗಳು, ಸಾರು ಅಂಟಿದ ಬೆಳ್ಳಿ ಬಣ್ಣದ ಕಾಗದದ ತಟ್ಟೆಗಳು, ಅದನ್ನು ನೆಕ್ಕುವ ದನ. ಆ ತಟ್ಟೆ ಕಾಗದವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ, ಎರಡೂ ಅಂಟಿಕೊಂಡದ್ದು. ಗೊಬ್ಬರಕ್ಕೂ ಆಗದು, ಗುಜರಿಗೂ ಆಗದು. ಚಹಾದ ಪೇಪರ್ ಕಪ್ಪಿನ ಒಳಗೂ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ.

ಸ್ಟೀಲ್ ತಟ್ಟೆ ಒಳ್ಳೆಯದೇ, ಆದರೆ ಏಪ್ರಿಲ್‌ನಲ್ಲಿ ಸಾವಿರ ತಟ್ಟೆ ತೊಳೆಯಲು ನೀರು ಎಲ್ಲಿಂದ? ನೀರಿದ್ದರೆ ಸ್ಟೀಲ್, ಇಲ್ಲದಿದ್ದರೆ ಹಾಳೆ ತಟ್ಟೆ. ಪುತ್ತೂರು, ಸುಳ್ಯದ ಅಡಿಕೆ ತೋಟದ್ದೇ ಹಾಳೆ, ದೂರದಿಂದ ತರಿಸುವುದೇನಿಲ್ಲ. ಗುಂಡಿಗೆ ಹಾಕಿದರೆ ಗೊಬ್ಬರ. ಪಂಕ್ತಿ ಊಟವಾದರೆ ಬಾಳೆ ಎಲೆ, ದನಕ್ಕೂ ಮೇವು. ಆಟಗಾರರಿಗೆ ಬಾಟ್ಲಿ ಬದಲು ಕ್ಯಾನು, ಸ್ಟೀಲ್ ಲೋಟ, ಪಕ್ಕದಲ್ಲಿ ಬೆಲ್ಲ. ಬಿಸಿಲಿಗೆ ಬೆಲ್ಲ ನೀರಿನ ಮುಂದೆ ಬಣ್ಣದ ಬಾಟ್ಲಿಗಳು ಏನೂ ಅಲ್ಲ. ಬೊಂಡ (ಎಳನೀರು) ಮಾರುವವರಿದ್ದರೆ ಚಿಪ್ಪನ್ನು ಅವರೇ ಒಯ್ಯಬೇಕು ಎಂದು ಮೊದಲೇ ಹೇಳಿ.

ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಬಟ್ಟೆ ಬ್ಯಾನರ್ ಸ್ವಲ್ಪ ದುಬಾರಿ. ಇಸವಿ, ದಿನಾಂಕ ಹಾಕದೆ ಕ್ಲಬ್ಬಿನ ಹೆಸರು ಮಾತ್ರ ಬರೆಸಿದರೆ ಮುಂದಿನ ವರ್ಷಕ್ಕೂ ಆಗುತ್ತದೆ.

ಜನ ಬರುವುದು ಹೇಗೆ?

ದೊಡ್ಡ ಪಂದ್ಯಾವಳಿಗಳ ಲೆಕ್ಕ ತೆಗೆದರೆ ಹೊಗೆಯ ದೊಡ್ಡ ಪಾಲು ಪ್ರೇಕ್ಷಕರ ಓಡಾಟದ್ದೇ. ನಮ್ಮಲ್ಲಿ ಇದಕ್ಕೆ ಖರ್ಚಿಲ್ಲದ ಮದ್ದು ಒಂದಿದೆ, ಅದು ಸಮಯ. ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಸಿಟಿ ಬಸ್ಸು, ಸರ್ವಿಸ್ ಬಸ್ಸು ಹಗಲು ಬೇಕಾದಷ್ಟಿವೆ, ರಾತ್ರಿ ಒಂಬತ್ತು ಕಳೆದರೆ ಸಿಗುವುದೇ ಕಷ್ಟ. ಫೈನಲ್ ಬೆಳಗಿನ ಜಾವ ಎರಡಕ್ಕೆ ಮುಗಿಯುವುದಾದರೆ ಬೈಕು, ಕಾರು ಬಿಟ್ಟು ಬೇರೆ ದಾರಿಯೇ ಇಲ್ಲ. ಮಧ್ಯಾಹ್ನ ಮೂರಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸಿದರೆ ಬಸ್ಸೂ ಸಿಗುತ್ತದೆ, ದೀಪವೂ ಎರಡು ಗಂಟೆ ಉರಿದರೆ ಸಾಕು. ಅತಿಥಿಗಳ ಭಾಷಣ ಅರ್ಧಕ್ಕೆ ಇಳಿಸಿದರೆ ಇದು ಕಷ್ಟವೇನಲ್ಲ!

ಕೈಯಲ್ಲಿರುವ ದುಡ್ಡಿಗೆ ತಕ್ಕಂತೆ

ಹೆಚ್ಚು ದುಡ್ಡಿಲ್ಲದ ಶಾಲೆ ಅಥವಾ ಯುವಕ ಮಂಡಲ: ಕೆಂಪು ಮಣ್ಣನ್ನೇ ಉಳಿಸಿ. ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡಿ, ಹಾಳೆ ತಟ್ಟೆಗೆ ಬನ್ನಿ, ಪಂದ್ಯ ಬೇಗ ಶುರು ಮಾಡಿ. ಸ್ವಲ್ಪ ದುಡ್ಡಿದ್ದರೆ ದೀಪ ಬದಲಿಸಿ. ಒಳಾಂಗಣ ಕ್ರೀಡಾಂಗಣ ನಡೆಸುವವರು ದೀಪದ ನಂತರ ಸೋಲಾರ್‌ಗೆ ಹೋಗಬಹುದು, ದೊಡ್ಡ ಮಾಡು ಹೇಗೂ ಇದೆ. ಹುಲ್ಲಿನ ಮೈದಾನಕ್ಕೆ ಆಸೆ ಪಡುವ ಕಾಲೇಜುಗಳು ಸಂಸ್ಕರಿಸಿದ ನೀರಿನ ಪೈಪು ಬರುವವರೆಗೆ ಕಾಯಲಿ. ಬಾಡಿಗೆ ಟರ್ಫ್ ನಡೆಸುವವರು ಹೊಸ ಹಾಸು ತರಿಸುವ ಮುಂಚೆ ಚರಂಡಿಯ ಜಾಲರಿ ಹಾಕಿಸಲಿ.

ನೀರಿನ ಕೆಲಸ ಯಾವುದಾದರೂ ಪತ್ತನಾಜೆಯೊಳಗೆ ಮುಗಿಯಬೇಕು. ಗುಂಡಿ ಅರ್ಧ ತೋಡಿದಾಗ ಮಳೆ ಹಿಡಿದರೆ ಮಣ್ಣು ಜರಿದು ಆ ವರ್ಷ ಹೋಯಿತು ಎಂದೇ ಲೆಕ್ಕ. ಮತ್ತೆ ಪ್ರತಿ ಮೇ ತಿಂಗಳು ಮಾಡಿನ ದಂಬೆಯಿಂದ (ನೀರು ಹರಿಯುವ ದೋಣಿಯಿಂದ) ಎಲೆ ತೆಗೆದು, ಹೊಯ್ಗೆ ತೊಳೆದು ಹಾಕಬೇಕು. ಏಣಿ ಹತ್ತುವವರು ಯಾರು ಎಂದು ಸಭೆಯ ನಡಾವಳಿಯಲ್ಲಿ ಹೆಸರು ಸಮೇತ ಬರೆಸಿ. "ಸಮಿತಿಯವರು" ಎಂದು ಬರೆದರೆ ಯಾರೂ ಹತ್ತುವುದಿಲ್ಲ.